ಬೀಗ ಬೇಡ, ಬಿಲ್ಲೆ ಕೊಡಿ

ನಾನು ಬಿಇ ಮೆಕ್ಯಾನಿಕಲ್ ಓದುತ್ತಿದ್ದೇನೆ. 0.01 ಮಿ.ಮೀ.ವರೆಗೆ ಅಳೆಯುವ ಮೈಕ್ರೋಮೀಟರಿನ ಚಿತ್ರ ಬರೆದು ಪೂರ್ತಿ ಅಂಕ ಪಡೆದಿದ್ದೇನೆ. ಆದರೆ ಅದನ್ನು ಕೈಯಲ್ಲಿ ಹಿಡಿದದ್ದು ಎರಡೇ ಸಲ. ಕಳೆದರೆ ಯಾರು ಹೊಣೆ ಎಂಬ ಭಯಕ್ಕೆ ನಮ್ಮ ವರ್ಕ್‌ಶಾಪಿನ ಕಪಾಟಿಗೆ ಸದಾ ಬೀಗ.

ಕಳೆದ ರಜೆಯಲ್ಲಿ ಶಹಾಬಾದಿನ ಮಷಿನ್ ಶಾಪೊಂದಕ್ಕೆ ಇಂಟರ್ನ್‌ಶಿಪ್‌ಗೆ ಹೋದೆ. ಮೊದಲ ದಿನ ಶಾಫ್ಟ್ ಅಳೆಯಲು ಹೇಳಿದಾಗ ತಡವರಿಸಿದೆ. ಐಟಿಐ ಓದಿದ ಹುಡುಗನೊಬ್ಬ ಹೇಳಿಕೊಟ್ಟ. ನಾಚಿಕೆಯಾಯಿತು.

ಅಲ್ಲಿ ಟೂಲ್ ರೂಮಿಗೆ ಬೀಗಕ್ಕಿಂತ ಬಿಲ್ಲೆಯೇ ಕಾವಲು. ಪ್ರತಿ ಕೆಲಸಗಾರನಿಗೆ ನಂಬರ್ ಕೊರೆದ ಐದು ಹಿತ್ತಾಳೆ ಬಿಲ್ಲೆ. ಡ್ರಿಲ್ ಬಿಟ್ ಬೇಕೆಂದರೆ ಬಿಲ್ಲೆ ಕೊಡಬೇಕು. ಬಿಟ್ ಇದ್ದ ಜಾಗದ ಮೊಳೆಗೆ ಅದನ್ನು ನೇತುಹಾಕುತ್ತಾರೆ. ಸಂಜೆ ಬಿಲ್ಲೆ ಅಲ್ಲೇ ಉಳಿದಿದ್ದರೆ ಟೂಲ್ ಯಾರ ಬಳಿ ಇದೆಯೆಂದು ಕೂಡಲೇ ಗೊತ್ತಾಗುತ್ತದೆ. ಮೊಂಡಾಗಿದ್ದರೆ ಹೇಳಬೇಕು, ಬೈಯುವುದಿಲ್ಲ, ಸಾಣೆ ಹಿಡಿಸುತ್ತಾರೆ.

‘ಬೀಗ ಹಾಕಿದ್ರ ಸಾಮಾನು ಉಳೀತದ, ಕೆಲಸ ಬರಂಗಿಲ್ಲ’ ಎಂದರು ಅಲ್ಲಿನ ಕಾಕಾ.

ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳಲ್ಲಿ ಯಂತ್ರ ಕೆಟ್ಟರೆ ಬೇಕಾಗುವುದು ಕೈಕೆಲಸ ಬಲ್ಲವರು. ಚಿತ್ತಾಪುರ, ಚಿಂಚೋಳಿ ಕಡೆಯಿಂದ ನಿತ್ಯ ಬಸ್ ಹಿಡಿದು ಕಾಲೇಜಿಗೆ ಬರುವ ನಮಗೆ ಆ ಕೆಲಸ ಸಿಗಬೇಕಾದರೆ, ಮೊದಲು ಟೂಲ್ ಕೈಗೆ ಸಿಗಬೇಕು.

ಕಳೆದರೆ ಲ್ಯಾಬ್ ಸಹಾಯಕರ ತಲೆಗೆ ಬರುತ್ತದೆ ಎಂಬುದೂ ನಿಜ. ಅದಕ್ಕೇ ಹೊಣೆಯನ್ನು ನಮಗೂ ಹಂಚಿ. ವಾರಕ್ಕಿಬ್ಬರಂತೆ ಟೂಲ್ ರೂಮಿನ ಪಾಳಿ ನಮಗೆ ಕೊಡಿ. ಸಂಜೆ ಮೊಳೆ ಎಣಿಸಿಯೇ ಮನೆಗೆ ಹೋಗುತ್ತೇವೆ.