ಕಪಾಟಿನಲ್ಲಿ ಇಲ್ಲದ ಪುಸ್ತಕ

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಂಥ ಊರುಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕುವೆಂಪು, ಕಾರಂತ, ಭೈರಪ್ಪನವರ ಕಾದಂಬರಿಗಳು ಅಪರೂಪವಲ್ಲ. ಅವನ್ನು ತೆರೆಯುವುದು ಅಪರೂಪ. ಪುರುಸೊತ್ತಿಲ್ಲವೆಂಬುದು ಸಿದ್ಧ ಉತ್ತರ. ಆದರೆ ಈಗಾಗಲೇ ಬಲ್ಲ ಊರನ್ನೇ ಮತ್ತೆ ಮತ್ತೆ ನೋಡುವ ಓದು ತಾನಾಗಿಯೇ ಬತ್ತುತ್ತದೆ.

ಅಂಥ ಓದಿಗೆ ದಲಿತ ಆತ್ಮಕಥನ ಹೊಸ ನೀರು ಹಾಯಿಸಬಲ್ಲದು. ಸಿದ್ದಲಿಂಗಯ್ಯನವರನ್ನು ಬಹುತೇಕರು ಬಲ್ಲದ್ದು 1975ರ 'ಹೊಲೆಮಾದಿಗರ ಹಾಡು' ಸಂಕಲನದ ಕವಿಯೆಂದು. ಅದೇ ಆಕ್ರೋಶವನ್ನು ನಿರೀಕ್ಷಿಸಿ 'ಊರುಕೇರಿ' ಹಿಡಿದವರಿಗೆ ಎದುರಾಗುವುದು ನಗು. ಬಡತನವನ್ನೂ ಅವಮಾನವನ್ನೂ ಅವರು ಗೋಳಾಡದೆ ಹೇಳುತ್ತಾರೆ. ನಕ್ಕ ಮರುಕ್ಷಣವೇ ಓದುಗರು ತಾವು ನಕ್ಕದ್ದು ಯಾವುದಕ್ಕೆಂದು ಬೆಚ್ಚುತ್ತಾರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಮೀಸಲಾತಿಯ ಬಗೆಗಿನ ಕುಹಕವನ್ನೇ ಶೀರ್ಷಿಕೆಯಾಗಿಸಿ ಕುಹಕಿಗಳಿಗೆ ಹಿಂದಿರುಗಿಸುತ್ತದೆ.

2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿದಾಗ, 'ಅಮೆರಿಕದಲ್ಲಿ ಜಾತಿ ಎಲ್ಲಿದೆ?' ಎಂದ ಅನಿವಾಸಿಗಳಿದ್ದರು. ಊರಿನಲ್ಲೇ ಬೆಳೆದವರಿಗೂ ಕೇರಿ ಕಾಣದೆ ಉಳಿದಿತ್ತೆಂಬುದಕ್ಕೆ ಈ ಪುಸ್ತಕಗಳೇ ಸಾಕ್ಷಿ. ಕಾಣದ್ದನ್ನು ಸ್ವಂತ ನುಡಿಯಲ್ಲೇ ಕಾಣುವುದಕ್ಕಿಂತ ದೊಡ್ಡ ಓದಿನ ಸುಖವಿಲ್ಲ. ಮುಂದಿನ ಸಲ ಬೆಂಗಳೂರಿನಿಂದ ಮರಳುವ ಪೆಟ್ಟಿಗೆಯಲ್ಲಿ, ಚಟ್ನಿಪುಡಿಯ ಪಕ್ಕ, ಅಂಥದೊಂದು ಪುಸ್ತಕಕ್ಕೂ ಜಾಗವಿರಲಿ.