ಆಶ್ವಾಸನವೂ ಹೊಣೆಯೂ

ಯುರೋಪಿನ ರಾಜಕಾರಣವನ್ನು ಚರ್ಚಿಸುವ ವಿದ್ಯಾವಂತರಲ್ಲಿ ಈಚೆಗೆ ಒಂದು ತರ್ಕವು ರೂಢಿಗೆ ಬಂದಿರುವುದು. ಉಕ್ರೇನಿಗೆ 1994ರಲ್ಲಿ ದೊರೆತದ್ದು ಆಶ್ವಾಸನವೇ ಹೊರತು ಹೊಣೆಯಲ್ಲ. ಆದಕಾರಣ ಆ ದೇಶಕ್ಕೆ ಒದಗಿದ ವಿಪತ್ತಿನಲ್ಲಿ ಯಾರೂ ಮಾತಿಗೆ ತಪ್ಪಿದವರಲ್ಲ. ನಂಬಿದವನದೇ ತಪ್ಪು ಎಂಬುದು ಅದರ ಸಾರ. ಹೀಗೆನ್ನುವವರು ಕೊನೆಗೆ ತಪ್ಪದೆ ಚಾಣಕ್ಯನನ್ನು ಸಾಕ್ಷಿಗೆ ಕರೆಯುವರು. ಪತ್ರದ ಅರ್ಥವನ್ನೂ ಚಾಣಕ್ಯನ ಅಭಿಪ್ರಾಯವನ್ನೂ ಏಕಕಾಲದಲ್ಲಿ ಕೆಡಿಸುವ ಈ ವಾದವನ್ನು ಬಿಡಿಸಿ ನೋಡುವುದು ಅವಶ್ಯವಾಗಿದೆ.

ಸೋವಿಯತ್ ಒಕ್ಕೂಟವು 1991ರಲ್ಲಿ ಒಡೆದಾಗ ಉಕ್ರೇನಿನ ನೆಲದಲ್ಲಿ ಸುಮಾರು 1,900 ದೂರಗಾಮಿ ಅಣ್ವಸ್ತ್ರಗಳು ಉಳಿದುವು. ಅವುಗಳ ಪ್ರಯೋಗದ ಕೀಲಿಕೈ ಮಾಸ್ಕೋವಿನಲ್ಲಿಯೇ ಇದ್ದಿತೆಂಬುದು ನಿಜ. ಆದರೂ ಅವು ಬರಿಯ ಕಬ್ಬಿಣದ ರಾಶಿಯಾಗಿದ್ದರೆ ಮೂರು ಮಹಾರಾಷ್ಟ್ರಗಳು ಅವುಗಳಿಗಾಗಿ ಅಷ್ಟು ಶ್ರಮಪಡುತ್ತಿರಲಿಲ್ಲ. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್ ನಗರದಲ್ಲಿ ರಷ್ಯ, ಬ್ರಿಟನ್, ಅಮೆರಿಕಗಳು ಉಕ್ರೇನಿನೊಡನೆ ಒಂದು ಪತ್ರಕ್ಕೆ ಸಹಿ ಹಾಕಿದುವು. 1996ರ ವೇಳೆಗೆ ಕಡೆಯ ಅಸ್ತ್ರವೂ ಉಕ್ರೇನಿನಿಂದ ರಷ್ಯಕ್ಕೆ ಸಾಗಿಹೋಯಿತು. ಒಂದು ಪಕ್ಷವು ವಸ್ತುವನ್ನು ಕೊಟ್ಟಿತು, ಮತ್ತೊಂದು ಪಕ್ಷವು ಮಾತನ್ನು ಕೊಟ್ಟಿತು. ವಸ್ತುವನ್ನು ಎಣಿಸಿ ತೂಗಿ ತೆಗೆದುಕೊಂಡದ್ದಾದ ಬಳಿಕ, ಮಾತಿಗೆ ತೂಕವಿರಲಿಲ್ಲವೆಂದು ಈಗ ಹೇಳಲಾಗುತ್ತಿದೆ.

ಆಶ್ವಾಸನ, ಹೊಣೆ ಎಂಬ ಭೇದವು ಇಂಗ್ಲಿಷ್ ಪಾಠವನ್ನೇ ಹಿಡಿದು ಹುಟ್ಟಿದುದು. ರಷ್ಯನ್ ಮತ್ತು ಉಕ್ರೇನಿಯನ್ ಪಾಠಗಳಲ್ಲಿ ಹೊಣೆಯ ಅರ್ಥದ ಶಬ್ದವೇ ಇದೆ. ಮೂರು ಭಾಷೆಗಳ ಪಾಠಗಳೂ ಸಮಾನವಾಗಿ ಪ್ರಮಾಣವೆಂದು ಪತ್ರವೇ ಹೇಳುತ್ತದೆ. ಆದರೆ ಶಬ್ದದ ಜಗಳವನ್ನು ಬಿಟ್ಟುಕೊಟ್ಟರೂ ವಾದವು ನಿಲ್ಲಲಾರದು. ಪತ್ರದ ಮೊದಲ ಮಾತು ಉಕ್ರೇನಿನ ಸ್ವಾತಂತ್ರ್ಯವನ್ನೂ ಅಂದಿನ ಗಡಿಗಳನ್ನೂ ಗೌರವಿಸುವೆವು ಎಂಬುದು. ಎರಡನೆಯದು, ಅದರ ಮೇಲೆ ಬಲಪ್ರಯೋಗ ಮಾಡೆವು ಎಂಬುದು. ನೆರೆಯವನ ಹೊಲಕ್ಕೆ ನುಗ್ಗೆನೆಂದು ಬರೆದುಕೊಟ್ಟವನನ್ನು ಕಟ್ಟಿಹಾಕಲು ಮೂರನೆಯವನ ಹೊಣೆ ಏಕೆ ಬೇಕು? ನುಗ್ಗಿದವನ ದ್ರೋಹ ಒಂದು, ಬಿಡಿಸಲು ಬಾರದವರ ಉದಾಸೀನ ಮತ್ತೊಂದು. ಆಶ್ವಾಸನವೆಂಬ ಶಬ್ದದ ಸಡಿಲದಿಂದ ಎರಡನೆಯವರು ಸ್ವಲ್ಪಮಟ್ಟಿಗೆ ತಪ್ಪಿಸಿಕೊಳ್ಳಬಹುದು. ಮೊದಲನೆಯವನಿಗೆ ಅದರಿಂದ ಯಾವ ಪ್ರಯೋಜನವೂ ಇಲ್ಲ.

ಸರಿಯಾದ ಹೊಣೆಯೇ ಇದ್ದಿದ್ದರೆ ಉಕ್ರೇನು ಉಳಿಯುತ್ತಿತ್ತೆಂದು ಹೇಳುವವರೂ ಉಂಟು. ಅವರು ಜೆಕೊಸ್ಲೊವಾಕಿಯದ ವೃತ್ತಾಂತವನ್ನು ನೆನೆಯಬೇಕು. ಆ ದೇಶಕ್ಕೆ 1925ರಿಂದ ಫ್ರಾನ್ಸಿನೊಡನೆ ಪರಸ್ಪರ ಸಹಾಯದ ಒಪ್ಪಂದವೇ ಇದ್ದಿತು. 1938ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್ ನಗರದಲ್ಲಿ ಹಿಟ್ಲರ್, ಮುಸೊಲಿನಿ, ಚೇಂಬರ್ಲೇನ್, ದಲಾದಿಯೇ ಎಂಬ ನಾಲ್ವರು ಅದರ ಗಡಿಯನ್ನು ಕೊಯ್ದುಹಾಕಿದಾಗ, ಜೆಕ್ ಪ್ರತಿನಿಧಿಗಳಿಬ್ಬರು ಸಭೆಗೆ ಪ್ರವೇಶವಿಲ್ಲದೆ ಹೋಟೆಲಿನಲ್ಲಿ ತೀರ್ಪಿಗಾಗಿ ಕಾದು ಕುಳಿತಿದ್ದರು. ಉಳಿದ ತುಂಡಿಗೆ ಬ್ರಿಟನ್ನೂ ಫ್ರಾನ್ಸೂ ಹೊಣೆಯ ವಾಗ್ದಾನ ಮಾಡಿದುವು. 1939ರ ಮಾರ್ಚ್ 15ರಂದು ಜರ್ಮನ್ ಸೇನೆಯು ಪ್ರಾಗ್ ನಗರವನ್ನು ಹೊಕ್ಕಿತು. ಅಂದೇ ಚೇಂಬರ್ಲೇನರು ಪಾರ್ಲಿಮೆಂಟಿನಲ್ಲಿ, ಸ್ಲೊವಾಕಿಯ ಬೇರೆಯಾದುದರಿಂದ ಹೊಣೆ ನಿಲ್ಲಬೇಕಾಗಿದ್ದ ರಾಜ್ಯವೇ ಇಲ್ಲವಾಯಿತು, ಆದಕಾರಣ ಆ ಕಟ್ಟು ಸಡಿಲಿತು ಎಂದರು.

ಈ ಯುಕ್ತಿಯು ಮುಂದೆ ಮತ್ತೊಮ್ಮೆ ಕಾಣಿಸಿಕೊಂಡಿತು. 2014ರ ಮಾರ್ಚ್ 4ರಂದು, ಕ್ರಿಮಿಯ ಪ್ರಾಂತವು ಗುರುತಿಲ್ಲದ ಸೈನಿಕರ ವಶವಾಗುತ್ತಿದ್ದ ಹೊತ್ತಿನಲ್ಲಿ, ಪುಟಿನರು ಪತ್ರಕರ್ತರಿಗೆ ಹೇಳಿದುದೂ ಇದನ್ನೇ: ಕೀವ್ ನಗರದಲ್ಲಿ ನಡೆದುದು ಕ್ರಾಂತಿಯಾದರೆ ಅಲ್ಲಿ ಹುಟ್ಟಿರುವುದು ಹೊಸ ರಾಜ್ಯ, ಅದರೊಡನೆ ರಷ್ಯವು ಯಾವ ಬದ್ಧಪತ್ರಕ್ಕೂ ಸಹಿ ಹಾಕಿಲ್ಲ. ಸಾಲ ಕೊಟ್ಟವನು ಸತ್ತನೆಂದು ಸಾರಿ ಸಾಲ ತೀರಿತೆನ್ನುವ ಲೆಕ್ಕವಿದು. ಸತ್ತನೆಂದವನೇ ಕೊಲ್ಲಲು ಹೊರಟಿದ್ದನೆಂಬುದು 2022ರ ಫೆಬ್ರವರಿ 24ರಂದು ಸಂಪೂರ್ಣವಾಗಿ ತಿಳಿಯಿತು. ಆ ತಿಂಗಳು ಭದ್ರತಾ ಮಂಡಲಿಯ ಅಧ್ಯಕ್ಷಪೀಠದ ಸರದಿಯೂ ರಷ್ಯದ್ದೇ. ಮರುದಿನ ಮಂಡಲಿಯ ಮುಂದೆ ಬಂದ ಖಂಡನೆಯ ನಿರ್ಣಯವನ್ನು ಅದು ತನ್ನ ನಿಷೇಧಾಧಿಕಾರದಿಂದಲೇ ಬೀಳಿಸಿತು.

ಭಾರತವು ಆ ದಿನ ಮತ ಕೊಡದೆ ತಟಸ್ಥವಾಗಿ ಉಳಿಯಿತು. ಆಯುಧ, ಎಣ್ಣೆ, ನೆರೆಹೊರೆ ಎಂದು ರಾಜ್ಯಕ್ಕೆ ಅದರದೇ ಕಾರಣಗಳಿರಬಹುದು. ಅವುಗಳ ವಿಮರ್ಶೆ ಬೇರೆ. ರಾಜ್ಯವು ಮೌನವಾಗಿದ್ದ ಮಾತ್ರಕ್ಕೆ ಪಂಡಿತರು ಪತ್ರಕ್ಕೆ ಸುಳ್ಳರ್ಥ ಹೇಳಬೇಕಾದ ಕಟ್ಟಳೆ ಏನೂ ಇಲ್ಲ. ಅದು ದೂರದವರ ಜಗಳವೆಂದೂ ಹೇಳುವಂತಿರಲಿಲ್ಲ. ಕನ್ನಡನಾಡಿನ ಮಕ್ಕಳೂ ಖಾರ್ಕಿವ್ ನಗರದ ನೆಲಮಾಳಿಗೆಗಳಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದರು.

ಬೆಲ್ಜಿಯಂ ದೇಶದ ತಾಟಸ್ಥ್ಯಕ್ಕೆ 1839ರಲ್ಲಿ ಕೊಟ್ಟ ಮಾತನ್ನು ಬ್ರಿಟನ್ನು 1914ರಲ್ಲಿ ಉಳಿಸಿಕೊಂಡದ್ದು ತನ್ನ ಕರಾವಳಿಯ ಭಯದಿಂದಲೇ, ಆದುದರಿಂದ ಸ್ವಾರ್ಥವೊಂದೇ ರಾಜ್ಯಗಳನ್ನು ಕಟ್ಟುವುದು ಎಂಬ ಆಕ್ಷೇಪವು ಬರುವುದು. ಭಯವಿದ್ದುದು ನಿಜ. ಆದರೆ ಆ ಮಾತನ್ನು ಮುರಿದ ಜರ್ಮನಿಯ ಪ್ರಧಾನಿ ಬೆತ್ಮಾನ್ ಹಾಲ್ವೆಗ್ ಅದೇ ಆಗಸ್ಟ್ 4ರಂದು ತಮ್ಮ ಶಾಸನಸಭೆಯಲ್ಲಿ, ತಾವು ಮಾಡುತ್ತಿರುವುದು ಅನ್ಯಾಯವೆಂದು ಒಪ್ಪಿಕೊಂಡರು. ಮುರಿದವನಿಗಿದ್ದ ಅಷ್ಟು ಪ್ರಾಮಾಣಿಕತೆಯೂ ಇಂದು ದೂರದಲ್ಲಿ ಕುಳಿತು ಭಾಷ್ಯ ಬರೆಯುವವರಿಗೆ ಇಲ್ಲದಿರುವುದು ಆಶ್ಚರ್ಯ.

ಇನ್ನು ಚಾಣಕ್ಯನ ಸಾಕ್ಷ್ಯ. ಸತ್ಯದಿಂದಲೋ ಶಪಥದಿಂದಲೋ ಆದ ಸಂಧಿಯು ಚಂಚಲ, ಹೊಣೆಗಾರನನ್ನೋ ಒತ್ತೆಯನ್ನೋ ಪಡೆದ ಸಂಧಿಯೇ ಸ್ಥಿರ ಎಂಬುದು ಹಿಂದಿನ ಆಚಾರ್ಯರ ಮತ. ಕೌಟಿಲ್ಯನು ಅದನ್ನು ಎತ್ತಿ ಹೇಳಿ ನಿರಾಕರಿಸುತ್ತಾನೆ. ಸತ್ಯವೂ ಶಪಥವೂ ಇಹಪರಗಳೆರಡರಲ್ಲಿಯೂ ನಿಲ್ಲುವುವು. ಹೊಣೆಯೂ ಒತ್ತೆಯೂ ಬಲವನ್ನು ಅಪೇಕ್ಷಿಸುವುದರಿಂದ ಇಹದಲ್ಲಿ ಮಾತ್ರ ಎಂಬುದು ಅವನ ನಿರ್ಣಯ. ಪೂರ್ವದ ರಾಜರು ಮಾತಿನಿಂದಲೇ ಸಂಧಿ ಮಾಡುತ್ತಿದ್ದರು. ಮಾತು ಮೀರುವ ಶಂಕೆಯಿದ್ದಲ್ಲಿ ಬೆಂಕಿ, ನೀರು, ನೇಗಿಲ ಸಾಲು, ಕೋಟೆಯ ಹೆಂಟೆ, ಆನೆಯ ಹೆಗಲು, ಕುದುರೆಯ ಬೆನ್ನು, ಬಿತ್ತನೆಯ ಬೀಜ ಇವುಗಳನ್ನು ಮುಟ್ಟಿ, ತಪ್ಪಿದವನನ್ನು ಇವೆಲ್ಲವೂ ತೊರೆಯಲಿ, ಕೊಲ್ಲಲಿ ಎಂದು ಆಣೆಯಿಡುತ್ತಿದ್ದರು ಎನ್ನುತ್ತಾನೆ. ಒತ್ತೆಯಿಟ್ಟ ರಾಜಕುಮಾರನನ್ನು ಬಿಡಿಸಿ ತರುವ ಉಪಾಯಗಳನ್ನು ಅದೇ ಅಧ್ಯಾಯದಲ್ಲಿ ಅವನು ವಿವರಿಸಿರುವುದರಿಂದ ಅವನು ಮುಗ್ಧನೆನ್ನುವಂತಿಲ್ಲ. ಕೊಟ್ಟ ಮಾತು ಹೊಣೆಯಿಲ್ಲದ್ದರಿಂದ ಮಾತೇ ಅಲ್ಲವೆಂದು ಮಾತ್ರ ಅವನು ಎಲ್ಲಿಯೂ ಹೇಳಿಲ್ಲ. ಮೈಸೂರಿನ ಓಲೆಗರಿಯಿಂದ ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚಿಗೆ ತಂದ ಆ ಗ್ರಂಥದ ಏಳನೆಯ ಅಧಿಕರಣದ ಹದಿನೇಳನೆಯ ಅಧ್ಯಾಯವಿದು. ಚಾಣಕ್ಯನ ಹೆಸರೆತ್ತುವವರು ಮುಂದಿನ ಸಾರಿ ಬಾಯಿ ತೆರೆಯುವ ಮುನ್ನ ಅದನ್ನು ತೆರೆಯಬಹುದು.