ನಾಲ್ಕು ಹೊತ್ತಿನ ಲೆಕ್ಕ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ನಿಮ್ಮ ಅಗ್ನಿಶಾಮಕ ಇಲಾಖೆಯೊಂದಿಗೆ ನನ್ನದು ಹಳೆಯ ಪರಿಚಯ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು 66 ಮಂದಿ ಅಗ್ನಿಶಾಮಕರು ಸತ್ತರು. ಆ ದಿನದ ನೆನಪಿಗೆ ಪ್ರತಿ ವರ್ಷ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆಗ ನಮಗೆ ಬೇಸಿಗೆ ರಜೆ. ಹಾಗಾಗಿ ನಮ್ಮ ಶಾಲೆಗೆ ಕೆಂಪು ಗಾಡಿ ಬರುತ್ತಿದ್ದದ್ದು ಆಷಾಢದಲ್ಲಿ, ಬೆಂಕಿಯ ನೆನಪೇ ಇಲ್ಲದ ಜಡಿಮಳೆಯ ನಡುವೆ. ಮೈದಾನದಲ್ಲಿ ಒದ್ದೆ ಸೌದೆ ಹೊತ್ತಿಸಲು ಅರ್ಧ ಗಂಟೆ, ಆರಿಸಲು ಅರ್ಧ ನಿಮಿಷ. ಕೊನೆಯಲ್ಲಿ ಅಧಿಕಾರಿ ಕೇಳುವರು: 'ಬೆಂಕಿ ಬಿದ್ದರೆ ಯಾವ ನಂಬರು?' ಮಕ್ಕಳು ಒಕ್ಕೊರಲಿನಿಂದ 'ನೂರಾ ಒಂದು!' ಎನ್ನುವರು. ಈಗ ಗೋಡೆಗಳ ಮೇಲೆ 112 ಎಂದು ಬರೆದಿದೆ. ನಂಬರು ಹೇಳಿಕೊಡುವುದರಲ್ಲಿ ನಾವು ಯಾರೂ ಸೋತಿಲ್ಲ. ನಂಬರು ಒತ್ತಿದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳಲು ಈ ಪತ್ರ.

ಕಳೆದ ವರ್ಷ ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಮಧ್ಯಾಹ್ನ ಎರಡು ದಾಟಿದ ಹೊತ್ತು. ಗಾಳಿಗೆ ಜೋತುಬಿದ್ದ ಎರಡು ವಿದ್ಯುತ್ ತಂತಿಗಳು ಒಂದಕ್ಕೊಂದು ತಾಕಿ ಕಿಡಿ ಉದುರಿತು. ಕೆಳಗಿದ್ದದ್ದು ನನ್ನ ತಮ್ಮನ ರಾಗಿ ಹುಲ್ಲಿನ ಮೆದೆ. ಅದರ ಪಕ್ಕಕ್ಕೆ ಇನ್ನೆರಡು ಮೆದೆ, ಆಚೆಗೆ ಕೊಟ್ಟಿಗೆ. ದನಗಳ ಹಗ್ಗ ಕೊಯ್ದು ಓಡಿಸಿದರು. ಒಂದು ಕರು ಒಳಗೇ ಉಳಿಯಿತು.

ನಾನೇ 112ಕ್ಕೆ ಫೋನ್ ಮಾಡಿದೆ. ಆಗ 2 ಗಂಟೆ 14 ನಿಮಿಷ. ಎತ್ತಿದ ಹೆಣ್ಣುಮಗಳು ತಾಳ್ಮೆಯವಳು, ಅವಳ ಮೇಲೆ ನನ್ನ ದೂರಿಲ್ಲ. ಜಿಲ್ಲೆ ಕೇಳಿದಳು, ತಾಲ್ಲೂಕು ಕೇಳಿದಳು, ಊರು ಕೇಳಿದಳು. ಹೊಸಹಳ್ಳಿ ಎಂದೆ. 'ಸರ್, ನನಗೆ ಮೂರು ಹೊಸಹಳ್ಳಿ ತೋರಿಸ್ತಿದೆ, ನಿಮ್ಮದು ಯಾವುದು?' ಎಂದಳು. ನಮ್ಮದು ಆ ಮೂರರಲ್ಲಿ ಒಂದೂ ಅಲ್ಲ! ಕಂದಾಯದ ಕಾಗದದಲ್ಲಿ ನಮ್ಮೂರಿಗೆ ಬೇರೆಯೇ ಹೆಸರಿದೆ. ಆ ಹೆಸರಿನಿಂದ ನಮ್ಮನ್ನು ಕರೆಯುವವನು ಗ್ರಾಮ ಲೆಕ್ಕಿಗ ಒಬ್ಬನೇ. 'ಹತ್ತಿರದಲ್ಲಿ ಲ್ಯಾಂಡ್‌ಮಾರ್ಕ್ ಏನಿದೆ ಸರ್?' ಎಂದಳು. 'ಮಾರಮ್ಮನ ಗುಡಿ' ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಮಾರಮ್ಮನ ಗುಡಿ ಇಲ್ಲದ ಊರು ಈ ಸೀಮೆಯಲ್ಲಿ ಎಲ್ಲಿದೆ?

ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿ, ಎಷ್ಟು ಕೋಡಿಹಳ್ಳಿ, ಎಷ್ಟು ಗೊಲ್ಲರಹಟ್ಟಿ ಇವೆಯೋ ಎಣಿಸಿದವರುಂಟೇ? ದೊಡ್ಡಿ, ಹಟ್ಟಿ, ಪಾಳ್ಯ, ಕೊಪ್ಪಲು, ತಾಂಡಾ ಎಂಬ ಬಾಲಂಗೋಚಿಯ ಊರುಗಳಲ್ಲಿ ಅರ್ಧಕ್ಕರ್ಧ ಮೂಲ ಗ್ರಾಮದ ನೆರಳಲ್ಲೇ ಬದುಕಿರುತ್ತವೆ, ನಕಾಶೆಯಲ್ಲಿ ಚುಕ್ಕೆಯೂ ಇರುವುದಿಲ್ಲ. 112ರ ಆ್ಯಪ್ ಇದೆಯಲ್ಲ, ನೀವಿರುವ ಜಾಗವನ್ನು ಅದೇ ಹೇಳಿಬಿಡುತ್ತದಲ್ಲ ಎನ್ನಬಹುದು. ಇದೆ. ಆದರೆ ಬೆಂಕಿ ಬೀಳುವ ಮೊದಲೇ ಅದನ್ನು ಹಾಕಿಕೊಂಡಿರಬೇಕು. ನನ್ನದು ಒತ್ತುವ ಗುಂಡಿಗಳ ಫೋನು.

ನಮ್ಮದು ಕೆಲವು ವರ್ಷಗಳ ಹಿಂದೆ ಹೊಸ ತಾಲ್ಲೂಕಾಯಿತು. ತಹಶೀಲ್ದಾರರು ಬಂದರು, ಬಾಡಿಗೆ ಕಟ್ಟಡದಲ್ಲಿ ಕಚೇರಿಯೂ ಬಂತು. ಅಗ್ನಿಶಾಮಕ ಠಾಣೆ ಮಾತ್ರ ಹಳೆಯ ತಾಲ್ಲೂಕು ಕೇಂದ್ರದಲ್ಲೇ ಉಳಿಯಿತು. ಅದು 36 ಕಿಲೋಮೀಟರ್ ದೂರ. ಇನ್ನೊಂದು ದಿಕ್ಕಿಗೆ 11 ಕಿಲೋಮೀಟರಿನಲ್ಲೇ ಒಂದು ಠಾಣೆಯಿದೆ, ಆದರೆ ಅದು ಪಕ್ಕದ ಜಿಲ್ಲೆಯದು. ಕರೆ ಹೋದದ್ದು ನಮ್ಮ ಜಿಲ್ಲೆಯ ಠಾಣೆಗೆ. ಆ ಹೊತ್ತು ಪಕ್ಕದ ಜಿಲ್ಲೆಯ ಗಾಡಿ ಶೆಡ್ಡಿನಲ್ಲೇ ನಿಂತಿತ್ತೆಂದು ಆಮೇಲೆ ಗೊತ್ತಾಯಿತು.

ಎರಡು ಠಾಣೆಗಳ ಹೆಸರನ್ನೂ, ತಾಲ್ಲೂಕಿನ ಹೆಸರನ್ನೂ ಇಲ್ಲಿ ಬರೆದಿಲ್ಲ. ಬರೆದರೆ ಏನಾಗುತ್ತದೆಂದು ಬಲ್ಲೆ. ನಾಳೆ ಬೆಳಿಗ್ಗೆ ಅಲ್ಲಿಯ ಹುಡುಗರ ಕೈಗೆ ನೋಟಿಸು ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಗಾಡಿ ಬಂದಾಗ 3 ಗಂಟೆ 40. ನೀರು ಬಿದ್ದಾಗ 3 ಗಂಟೆ 52. ನಡುವಿನ ಹನ್ನೆರಡು ನಿಮಿಷ ಹೋದದ್ದು ಓಣಿಯಲ್ಲಿ ನಿಂತಿದ್ದ ಟ್ರಾಕ್ಟರನ್ನು ಹಿಂದಕ್ಕೆ ತೆಗೆಸಲು ಮತ್ತು ಪೈಪು ಜೋಡಿಸಲು. ಜೋಡಣೆಯ ವಾಷರು ಸವೆದಿತ್ತು, ಪೈಪಿನಲ್ಲಿ ಎರಡು ಕಡೆ ತೂತಿತ್ತು. ನನ್ನ ತಮ್ಮನ ಹೆಂಡತಿ ಹಳೆ ಸೀರೆ ಹರಿದುಕೊಟ್ಟಳು, ಸಿಬ್ಬಂದಿ ಅದನ್ನೇ ಸುತ್ತಿ ಕಟ್ಟಿದರು. ಅವರಲ್ಲೊಬ್ಬನ ಬೂಟಿನ ಅಟ್ಟೆ ಕಿತ್ತು ಬಾಯಿ ಬಿಟ್ಟಿತ್ತು. ಆ ಕಾಲಲ್ಲೇ ಅವನು ಕೆಂಡದ ಮೇಲೆ ಓಡಾಡಿದ. ಊರಿನವರು ಬೈದರು. 'ಬೂದಿ ನೋಡೋಕೆ ಬಂದ್ರಾ?' ಎಂದು ಮುದುಕನೊಬ್ಬ ಕೂಗಿದ. ಅವರು ತಲೆಯೆತ್ತಲಿಲ್ಲ. ಆ ಮಾತು ಅವರಿಗೆ ಹೊಸದಲ್ಲವೆಂದು ನೋಡಿದರೇ ತಿಳಿಯುತ್ತಿತ್ತು.

ಸ್ವಾಮಿ, ಗಾಡಿ ಮುಟ್ಟಲು ಹಳ್ಳಿಗೆ ಇಪ್ಪತ್ತು ನಿಮಿಷ, ನಗರಕ್ಕೆ ಐದರಿಂದ ಏಳು ನಿಮಿಷ ಎಂಬುದು ದೇಶದಲ್ಲಿ ಒಪ್ಪಿಕೊಂಡಿರುವ ಮಾನದಂಡ. ವಿಜ್ಞಾನದ ಮೇಷ್ಟ್ರಾಗಿ ಒಂದು ಸಣ್ಣ ಲೆಕ್ಕ ಮಾಡುತ್ತೇನೆ. ನಾಲ್ಕೂವರೆ ಸಾವಿರ ಲೀಟರ್ ನೀರು ಹೊತ್ತ ಗಾಡಿ ನಮ್ಮ ಹಂಪುಗಳ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಓಡಿದರೆ ಅದೇ ದೊಡ್ಡದು. ಇಪ್ಪತ್ತು ನಿಮಿಷಕ್ಕೆ ಹದಿಮೂರು ಕಿಲೋಮೀಟರ್ ಆಯಿತು. 36 ಕಿಲೋಮೀಟರಿಗೆ 54 ನಿಮಿಷ. ಚಾಲಕ ದೇವರೇ ಆಗಿದ್ದರೂ ಇಪ್ಪತ್ತು ನಿಮಿಷಕ್ಕೆ ಮುಟ್ಟುವಂತಿರಲಿಲ್ಲ. ಆ ಪಕ್ಕದ ಜಿಲ್ಲೆಯ ಗಾಡಿ ಹದಿನೇಳು ನಿಮಿಷಕ್ಕೆ ಮುಟ್ಟುತ್ತಿತ್ತು. ಬೆಂಕಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ, ನಮ್ಮ ವ್ಯವಸ್ಥೆಗೆ ಅದೊಂದೇ ಗೊತ್ತು.

54 ನಿಮಿಷದ ದಾರಿಗೆ ಒಟ್ಟು 86 ನಿಮಿಷ ಹಿಡಿದದ್ದೇಕೆ? ಠಾಣೆಯಲ್ಲಿದ್ದ ಎರಡು ಗಾಡಿಗಳಲ್ಲಿ ಒಂದು ಬೇರೊಂದು ಬೆಂಕಿಗೆ ಹೋಗಿತ್ತು. ಅದು ಮರಳಿ, ನೀರು ತುಂಬಿಕೊಂಡು ಹೊರಡಬೇಕಾಯಿತು. ಇನ್ನೊಂದು ಗಾಡಿ ಹಿತ್ತಲಲ್ಲಿ ನಿಂತಿತ್ತು, ಹದಿನೈದು ವರ್ಷ ತುಂಬಿದ್ದಕ್ಕೆ.

ಈ ಹದಿನೈದರ ವಿಚಾರ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2023ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಆ ವರ್ಷದ ಏಪ್ರಿಲ್ 1ರಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಿಲ್ಲ, ಗುಜರಿಗೆ ಹಾಕಬೇಕು. ರಕ್ಷಣೆ, ಕಾನೂನು ಸುವ್ಯವಸ್ಥೆ, ಆಂತರಿಕ ಭದ್ರತೆಯ ವಿಶೇಷ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ಬೆಂಕಿ ಗಾಡಿ ಆ ಸಾಲಿಗೆ ಸೇರಲಿಲ್ಲ. ಹೊಗೆಯುಗುಳುವ ಹಳೆ ಲಾರಿ ರಸ್ತೆಗಿಳಿಯಬಾರದು, ನಿಜವೇ. ಆದರೆ ಬೆಂಕಿ ಗಾಡಿಯ ಬದುಕೇ ಬೇರೆ. ಅದು ವರ್ಷದ ಬಹುಪಾಲು ಠಾಣೆಯಲ್ಲಿ ನಿಂತಿರುತ್ತದೆ, ದಿನಾ ಬೆಳಿಗ್ಗೆ ಒರೆಸಿಕೊಳ್ಳುತ್ತದೆ. ಅದರ ವಯಸ್ಸನ್ನು ಅಳೆಯಬೇಕಾದದ್ದು ಪಂಪು ಓಡಿದ ಗಂಟೆಗಳಿಂದ. ಹಳೆಯದನ್ನು ತೆಗೆಯುವುದಾದರೆ ಹೊಸದನ್ನು ಮೊದಲು ತಂದು ನಿಲ್ಲಿಸಬೇಕಿತ್ತು. ಅಗ್ನಿಶಾಮಕ ಸೇವೆಗಳ ಆಧುನೀಕರಣಕ್ಕೆಂದು ಕೇಂದ್ರ ಗೃಹ ಸಚಿವಾಲಯ 5,000 ಕೋಟಿ ರೂಪಾಯಿಯ ಯೋಜನೆ ತಂದದ್ದೂ ಅದೇ 2023ರಲ್ಲೇ, ಜುಲೈನಲ್ಲಿ. ಗಾಡಿ ಕಿತ್ತುಕೊಳ್ಳುವ ಆದೇಶದ ಜಾರಿ ಏಪ್ರಿಲ್ಲಿಗೆ, ಗಾಡಿ ಕೊಳ್ಳುವ ದುಡ್ಡಿನ ಮಾತು ಜುಲೈಗೆ. ಮನೆ ಕೆಡವಿ ಆಮೇಲೆ ಇಟ್ಟಿಗೆ ಸುಡಲು ಕೂತವರು ಇದಕ್ಕಿಂತ ವಾಸಿ.

ನೀರಿನ ಮಾತು ಹೇಳಲೇಬೇಕು. ಒಂದು ಪೈಪಿಗೆ ನಿಮಿಷಕ್ಕೆ 450 ಲೀಟರ್ ಎಂದು ಹಿಡಿದರೂ ನಾಲ್ಕೂವರೆ ಸಾವಿರ ಲೀಟರ್ ಹತ್ತು ನಿಮಿಷಕ್ಕೆ ಖಾಲಿ. ಹುಲ್ಲಿನ ಮೆದೆ ಮೇಲೆ ಆರಿದಂತೆ ಕಂಡರೂ ಒಳಗೆ ಎರಡು ದಿನ ಕುದಿಯುತ್ತಿರುತ್ತದೆ. ಬಂದ ಗಾಡಿ ಹತ್ತೇ ನಿಮಿಷಕ್ಕೆ ನೀರು ಹುಡುಕಿಕೊಂಡು ಹೊರಟಿತು. ಊರಿನಲ್ಲಿ ಬೋರ್‌ವೆಲ್ಲುಗಳು ಬೇಕಾದಷ್ಟಿವೆ, ಆದರೆ ಪಂಪ್‌ಸೆಟ್ಟಿಗೆ ಏಳು ಗಂಟೆಯ ತ್ರೀಫೇಸ್, ನಮ್ಮ ಪಾಳಿ ಆ ವಾರ ರಾತ್ರಿಯದು. ತೆರೆದ ಬಾವಿ ಬತ್ತಿ ಇಪ್ಪತ್ತು ವರ್ಷವಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಿರಿ ಎಂದು ಕೊಡುವುದಿತ್ತು. ಈಗ ತೋಡಿದರೂ ನೀರಿಲ್ಲ. ಕೊನೆಗೆ ಬೆಂಕಿ ಕೊಟ್ಟಿಗೆಯಾಚೆ ದಾಟದಂತೆ ತಡೆದದ್ದು ಮದುವೆ ಮನೆಗಳಿಗೆ ನೀರು ಹೊಡೆಯುವ ಎರಡು ಟ್ರಾಕ್ಟರ್ ಟ್ಯಾಂಕರ್‌ಗಳು. ಅವನ್ನು ಕರೆಸಿದ್ದು 112 ಅಲ್ಲ, ಹಾಲಿನ ಡೇರಿಯ ಹುಡುಗ. ಯಾರ ಮನೆಯಲ್ಲಿ ಟ್ಯಾಂಕರ್ ಇದೆ, ಯಾವುದರಲ್ಲಿ ನೀರು ತುಂಬಿದೆ ಎಂಬುದು ಅವನಿಗೆ ಬಾಯಿಪಾಠ.

ಬೆಂಗಳೂರಿನವರ ಕಷ್ಟ ಬೇರೆ, ಅದನ್ನು ಹಗುರವಾಗಿ ಕಾಣುವವನಲ್ಲ ನಾನು. ಹಿಂದಿನ ಸರ್ಕಾರವಿದ್ದಾಗ ಫಿನ್‌ಲೆಂಡಿನಿಂದ 90 ಮೀಟರ್ ಎತ್ತರಕ್ಕೇರುವ ಏಣಿ ಗಾಡಿ ಬಂತು. ಮುಗಿಲೆತ್ತರದ ಕಟ್ಟಡ ಕಟ್ಟಲು ಅನುಮತಿ ಕೊಟ್ಟ ಮೇಲೆ ಮುಗಿಲೆತ್ತರದ ಏಣಿಯೂ ಬೇಕು, ಸರಿ. ಆದರೆ 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಸತ್ತ ಒಂಬತ್ತು ಮಂದಿಯನ್ನು ಕಾಡಿದ್ದು ಎತ್ತರಕ್ಕಿಂತ ಹೆಚ್ಚಾಗಿ ಹೊಗೆ ಮತ್ತು ಬೀಗ ಬಿದ್ದ ಬಾಗಿಲುಗಳು. 2025ರ ಆಗಸ್ಟ್‌ನಲ್ಲಿ ನಗರತ್‌ಪೇಟೆಯಲ್ಲಿ ಐವರು ಸತ್ತಾಗ ಕಣ್ಣಿಗೆ ಬಿದ್ದದ್ದು ಇಕ್ಕಟ್ಟಿನ ಓಣಿ. ಅಂಥ ಓಣಿಯೊಳಗೆ 90 ಮೀಟರಿನ ಏಣಿ ಇರಲಿ, ಮಾಮೂಲಿ ನೀರಿನ ಗಾಡಿ ತಿರುಗುವುದೂ ಕಷ್ಟ. ಏಣಿ ಗಾಡಿಗೆ ಹಸಿರು ಬಾವುಟ ತೋರಿಸಬಹುದು, ಫೋಟೊ ತೆಗೆಸಿಕೊಳ್ಳಬಹುದು. ಪೈಪಿನ ವಾಷರಿಗೆ ಯಾರು ಬಾವುಟ ತೋರಿಸುತ್ತಾರೆ?

ಇನ್ನು ಯಾರನ್ನು ಕೇಳುವುದು ಎಂಬುದೇ ಒಂದು ಒಗಟು. ಸಂವಿಧಾನದ ಹನ್ನೆರಡನೆಯ ಅನುಸೂಚಿ ಅಗ್ನಿಶಾಮಕ ಸೇವೆಯನ್ನು ಪುರಸಭೆಗಳ ಕೆಲಸಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮಲ್ಲಿ ಇಲಾಖೆ ನಿಮ್ಮದು, ನೀರು ಸ್ಥಳೀಯ ಸಂಸ್ಥೆಯದು, ಜೋತುಬಿದ್ದ ತಂತಿ ಇಂಧನ ಇಲಾಖೆಯದು, ಊರಿನ ಹೆಸರು ಕಂದಾಯದವರದು. ಒಂದು ಮೆದೆ ಉರಿದರೆ ನಾಲ್ಕು ಸಚಿವರ ಬಾಗಿಲು. ಫೋನು ಎತ್ತಿದ್ದು ನಿಮ್ಮವರಾದ್ದರಿಂದ ನಿಮಗೇ ಬರೆಯುತ್ತಿದ್ದೇನೆ.

ಪರಿಹಾರಕ್ಕೆ ಬೇಕೆಂದು ಅಗ್ನಿ ವರದಿಯ ಪ್ರತಿ ತಂದೆವು. ಅದರಲ್ಲಿ ಎರಡೇ ಸಮಯ ಬರೆದಿತ್ತು, ಕರೆ ಠಾಣೆಗೆ ತಲುಪಿದ ಹೊತ್ತು ಮತ್ತು ಗಾಡಿ ಊರಿಗೆ ಮುಟ್ಟಿದ ಹೊತ್ತು. ನಾನು 112ಕ್ಕೆ ಫೋನ್ ಮಾಡಿದ 2 ಗಂಟೆ 14 ನಿಮಿಷ ಅದರಲ್ಲಿಲ್ಲ. ಗಾಡಿ ಹೊರಟ ಹೊತ್ತಿಲ್ಲ. ನೀರು ಬಿದ್ದ ಹೊತ್ತೂ ಇಲ್ಲ. ಹೊಸಹಳ್ಳಿ ಯಾವುದೆಂದು ತಡಕಾಡಿದ ನಿಮಿಷಗಳು, ಗಾಡಿ ಇಲ್ಲದೆ ಕಾದ ನಿಮಿಷಗಳು, ಸೀರೆ ಸುತ್ತಿದ ನಿಮಿಷಗಳು ಯಾವ ಪುಸ್ತಕದಲ್ಲೂ ಇಲ್ಲ. ನಡೆಯದೇ ಇದ್ದದ್ದಕ್ಕೆ ಸಮ!

ಅದಕ್ಕೇ ಒಂದು ಕೋರಿಕೆ. ನಾಲ್ಕು ಹೊತ್ತು ಬರೆಸಿ: ಕರೆ ಬಂದದ್ದು, ಗಾಡಿ ಹೊರಟದ್ದು, ಗಾಡಿ ಮುಟ್ಟಿದ್ದು, ನೀರು ಬಿದ್ದದ್ದು. ತಿಂಗಳಿಗೊಮ್ಮೆ ಠಾಣೆವಾರು ಪ್ರಕಟಿಸಿ, ಠಾಣೆಯ ಗೋಡೆಯ ಮೇಲೂ ಅಂಟಿಸಿ. ಇದಕ್ಕೆ ಫಿನ್‌ಲೆಂಡಿಗೆ ಹೋಗಬೇಕಿಲ್ಲ, ಒಂದು ರಿಜಿಸ್ಟರು ಸಾಕು. ಮೊದಲೆರಡರ ನಡುವೆ ತಡವಾದರೆ ವಿಳಾಸದ ತೊಡಕೋ ಗಾಡಿಯ ಕೊರತೆಯೋ ಎಂದು ತಿಳಿಯುತ್ತದೆ. ನಡುವಿನದು ತಡವಾದರೆ ಠಾಣೆ ದೂರ. ಕೊನೆಯದು ತಡವಾದರೆ ಪೈಪು, ಓಣಿ, ತರಬೇತಿ. ಶಾಸಕರು ನಮ್ಮಲ್ಲಿಗೆ ಠಾಣೆ ಬೇಕು ಎಂದು ಸದನದಲ್ಲಿ ಕೂಗುವಾಗ ಅವರ ಕೈಯಲ್ಲೂ ಒಂದು ಹಾಳೆ ಇರುತ್ತದೆ. ಸಿಬ್ಬಂದಿಯನ್ನು ಹಿಡಿದು ದಂಡಿಸಲು ಮಾತ್ರ ಆ ಹಾಳೆಯನ್ನು ಬಳಸಬೇಡಿ. ಬಳಸಿದ ದಿನವೇ ರಿಜಿಸ್ಟರಿನಲ್ಲಿ ಸುಳ್ಳು ಶುರುವಾಗುತ್ತದೆ. ಹಾಜರಿ ಪುಸ್ತಕ ನೋಡಿಕೊಂಡೇ ಬಾಳಿದ ಮೇಷ್ಟ್ರ ಮಾತಿದು.

ಅದರ ಜೊತೆಗೇ ಜಿಲ್ಲೆಯ ಗಡಿ ನೋಡದೆ ಹತ್ತಿರದ ಗಾಡಿಯನ್ನು ಮೊದಲು ಹೊರಡಿಸುವ ಒಂದು ಆದೇಶ ಬೇಕು. ಪಂಚಾಯಿತಿಗೊಂದರಂತೆ ಟ್ಯಾಂಕರ್ ಇರುವವರ ಫೋನ್ ನಂಬರುಗಳು 112ರ ಪರದೆಯ ಮೇಲೆ ಬರಲಿ. ಜನ ಕರೆಯುವ ಹೆಸರಿನಲ್ಲೇ ಊರುಗಳು ಅಲ್ಲಿಯ ಊರುಗಳ ಪಟ್ಟಿಗೆ ಸೇರಲಿ. ಪಟ್ಟಿ ಮಾಡಲು ಯಾರೂ ಸಿಗದಿದ್ದರೆ ನಮ್ಮ ಹೋಬಳಿಯದನ್ನು ನಾನೇ ಬರೆದುಕೊಡುತ್ತೇನೆ, ಡೇರಿ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು.

2022ರ ಸೆಪ್ಟೆಂಬರಿನಲ್ಲಿ 108ರ ಯಂತ್ರ ಕೆಟ್ಟು, ಆಂಬುಲೆನ್ಸ್ ಕರೆಗಳನ್ನು ಕೈಬರಹದಲ್ಲಿ ನಿಭಾಯಿಸಿದ್ದು ನಿಮ್ಮ ನೆನಪಿನಲ್ಲಿರಬಹುದು. ಎಲ್ಲ ಕರೆಗಳನ್ನೂ ಒಂದೇ ಕಡೆಗೆ ಹರಿಸಿದ ಮೇಲೆ ಆ ಒಂದು ಕಡೆ ಸೋತರೆ ರಾಜ್ಯವೆಲ್ಲ ಸೋಲುತ್ತದೆ. ತಾಲ್ಲೂಕು ಠಾಣೆಗಳ ಸ್ಥಿರ ದೂರವಾಣಿಯನ್ನು ದಯವಿಟ್ಟು ಕಿತ್ತುಹಾಕಬೇಡಿ. ನಮ್ಮ ಠಾಣೆಯದು ಈಗ ರಿಂಗ್ ಆಗುವುದಿಲ್ಲ.

ಈ ವರ್ಷ ರಾಗಿ ಚೆನ್ನಾಗಿ ಬಂದಿದೆ. ತಮ್ಮ ಮೆದೆಯನ್ನು ತಂತಿಯಿಂದ ದೂರಕ್ಕೆ, ರಸ್ತೆಗೆ ಹತ್ತಿರವಾಗಿ ಒಟ್ಟಿದ್ದಾನೆ. ತಂತಿ ಹಾಗೆಯೇ ಜೋತಾಡುತ್ತಿದೆ. ಹಿತ್ತಲ ಗಾಡಿಯ ಜಾಗಕ್ಕೆ ಹೊಸದು ಬಂದಿಲ್ಲ. ಶಿವರಾತ್ರಿಗೆ ಇನ್ನು ಮೂರು ವಾರವಿದೆ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಹೊಸಹಳ್ಳಿ (ಮೂರರಲ್ಲಿ ಒಂದೂ ಅಲ್ಲದ್ದು)